ಪತ್ತಾಕ್, ಜೋಮಾಲೆ ಮತ್ತು ಒಂದು ಉಂಗುರ: ವಿಚ್ಛೇದನದ ನಂತರ ಮದುವೆ ಒಡವೆಗಳ ಒಂದು ಪ್ರಕರಣ

ವಿಚ್ಛೇದನಕ್ಕೆ ಇಬ್ಬರೂ ಒಪ್ಪಿದ್ದರು. ಮಗಳು ಅಮ್ಮನ ಜೊತೆ ಇರಬೇಕು, ರಜೆಯಲ್ಲಿ ಅಪ್ಪನ ಮನೆಗೆ ಹೋಗಬೇಕು ಅನ್ನುವುದಕ್ಕೂ ತಕರಾರು ಇರಲಿಲ್ಲ. ಮಗಳ ಓದಿನ ಖರ್ಚಿನ ಮಾತು ಬೇಗ ಮುಗಿದಿತ್ತು. ಹೀಗಿದ್ದೂ ಒಪ್ಪಂದದ ಪತ್ರ ಸಹಿ ಬೀಳದೆ ತಿಂಗಳುಗಟ್ಟಲೆ ನಿಂತಿತು. ನಿಲ್ಲಿಸಿದ್ದು ಒಂದು ಸ್ಟೀಲ್ ಡಬ್ಬಿ. ಅದರೊಳಗೆ ಮದುವೆಯ ಒಡವೆಗಳಿದ್ದವು.

ನಾನು ದಕ್ಷಿಣ ಕೊಡಗಿನಲ್ಲಿ ವಕೀಲೆ. ಹೆಚ್ಚಾಗಿ ಮನೆತನದ ವ್ಯಾಜ್ಯಗಳನ್ನೇ ನೋಡುತ್ತೇನೆ. ಇಲ್ಲಿ ನನ್ನ ಕಕ್ಷಿದಾರರು ಒಬ್ಬ ಶಾಲಾ ಟೀಚರ್. ಊರಲ್ಲಿ ಎಲ್ಲರೂ ಅವರನ್ನು ಟೀಚರ್ ಅಂತಲೇ ಕರೆಯುವುದು, ನಾನೂ ಹಾಗೇ ಕರೆಯುತ್ತೇನೆ. "ಬರೀರಿ ಮೇಡಂ, ಯಾರಿಗಾದ್ರೂ ಉಪಯೋಗ ಆಗ್ಲಿ" ಅಂತ ಅವರೇ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಒಡವೆಗಳ ವಿಷಯದಲ್ಲಿ ಏನನ್ನೂ ಬದಲಿಸಿಲ್ಲ.

ಮದುವೆ ಆದದ್ದು 2013ರ ಏಪ್ರಿಲ್‌ನಲ್ಲಿ, ಕೊಡವ ಪದ್ಧತಿಯಲ್ಲಿ. ಕೆಲವು ವರ್ಷ ಇಬ್ಬರೂ ಬೆಂಗಳೂರಿನಲ್ಲಿದ್ದರು. ಆತನ ಕೆಲಸ ಅಲ್ಲೇ. ಮಗಳು ಹುಟ್ಟಿದ ಮೇಲೆ ಟೀಚರ್ ಪೊನ್ನಂಪೇಟೆ ಕಡೆ ಬಂದು ಶಾಲೆ ಸೇರಿದರು. 2022ರಿಂದ ಗಂಡ ಹೆಂಡತಿ ಪೂರ್ತಿ ಬೇರೆ. ಯಾಕೆ ಬೇರೆಯಾದರು ಅನ್ನುವುದು ಇಲ್ಲಿ ಬೇಡ. ಹೊಡೆತ ಬಡಿತ, ವರದಕ್ಷಿಣೆ ಕಾಟ ಯಾವುದೂ ಇರಲಿಲ್ಲ ಅನ್ನುವುದಷ್ಟು ಸಾಕು. ಹಾಗಿದ್ದಿದ್ದರೆ ಈ ಪ್ರಕರಣದ ದಾರಿಯೇ ಬೇರೆ ಇರುತ್ತಿತ್ತು.

ಡಬ್ಬಿಯಲ್ಲಿ ಏನಿತ್ತು

ಮೊದಲ ದಿನ ಟೀಚರ್ ನನ್ನ ಹತ್ತಿರ ಕೇಳಿದ್ದು ಒಂದೇ ಪ್ರಶ್ನೆ. "ಉಂಗುರ ಏನು ಮಾಡ್ಲಿ?" ಆಮೇಲೆ ಡಬ್ಬಿ ತೆಗೆದು ತೋರಿಸಿದರು. ಉಂಗುರ ಅದರಲ್ಲಿ ಎಲ್ಲಕ್ಕಿಂತ ಚಿಕ್ಕದು.

ದೊಡ್ಡದು ಪತ್ತಾಕ್, ಕೊಡವ ಹೆಣ್ಣುಮಕ್ಕಳ ಕತ್ತಿನ ಪದಕ. ಹಳೇ ಪವನ್ ನಾಣ್ಯ, ಐದನೇ ಜಾರ್ಜ್ ದೊರೆಯ ತಲೆ ಇರುವಂಥದ್ದು. ಸುತ್ತ ಕೆಂಪು ಕಲ್ಲು, ಮೇಲೆ ನಾಗರಹೆಡೆ, ಕೆಳಗೆ ಸಣ್ಣ ಮುತ್ತು. ಕರಿಮಣಿ ಸರದಲ್ಲಿ ಪೋಣಿಸಿತ್ತು. ಟೀಚರ್ ಅಜ್ಜಿಯದು ಅವರ ಅಮ್ಮನಿಗೆ ಬಂದು, ಅಮ್ಮನಿಂದ ಇವರಿಗೆ ಬಂದದ್ದು.

ಇನ್ನೊಂದು ಜೋಮಾಲೆ. ಇದು ಗಂಡನ ಮನೆಯಿಂದ ಬಂದದ್ದು. ಮದುವೆಯ ಫೋಟೋಗಳಲ್ಲಿ ಟೀಚರ್ ಕತ್ತಿನಲ್ಲಿ ಇದೆ. ಕಪ್ಪು ದಾರದಲ್ಲಿ ಪೋಣಿಸಿದ ಬಂಗಾರದ ಗುಂಡುಗಳು, ಕೆಲವು ಕಡೆ ಸವೆದು ನುಣುಪಾಗಿವೆ.

ಮೂರನೆಯದು ನಿಶ್ಚಿತಾರ್ಥದ ಉಂಗುರ. ಹುಡುಗನ ಕಡೆಯವರು ಬೆಂಗಳೂರಿನ ಅಂಗಡಿಯಲ್ಲಿ ತಂದದ್ದು, 18 ಕ್ಯಾರೆಟ್, ನಡುವೆ ಒಂದು ಪುಟ್ಟ ವಜ್ರ. ಇದಕ್ಕೆ ಜೋಡಿಯಾಗಿ ಟೀಚರ್ ಅಪ್ಪ ಹುಡುಗನಿಗೆ ಒಂದು ಉಂಗುರ ಹಾಕಿಸಿದ್ದರು. ಅದು ಡಬ್ಬಿಯಲ್ಲಿ ಇರಲಿಲ್ಲ, ಅದು ಆತನ ಹತ್ತಿರ. ಉಳಿದಂತೆ ಎರಡು ಬಳೆ, ಒಂದು ಜೊತೆ ಓಲೆ. ಅವು ತವರಿನವೇ, ಅವುಗಳ ಬಗ್ಗೆ ಯಾರೂ ತುಟಿ ಬಿಚ್ಚಿರಲಿಲ್ಲ.

ಡಬ್ಬಿ ಒಂದೇ ಆದರೂ ಅದರ ಮೇಲೆ ಕಣ್ಣಿಟ್ಟವರು ಬಹಳ ಜನ. ಅತ್ತೆಗೆ ಜೋಮಾಲೆ ವಾಪಸ್ ಬೇಕು. ಟೀಚರ್ ಅಣ್ಣನಿಗೆ ಜೋಮಾಲೆ ಕೊಡಲೇಬಾರದು, ಆದರೆ ಉಂಗುರ ಮಾತ್ರ ಆತನ ಮುಖಕ್ಕೆ ಎಸೆದು ಬರಬೇಕು. ಅಪ್ಪನಿಗೆ ತಾನು ಅಳಿಯನಿಗೆ ಹಾಕಿದ ಉಂಗುರ ವಾಪಸ್ ಬರಬೇಕು. ಟೀಚರ್ ಗಂಡನಿಗೆ ಮಾತ್ರ ಏನೂ ಬೇಕಿರಲಿಲ್ಲ. "ಅವಳು ಏನು ಮಾಡಿದ್ರೂ ಸರಿ" ಅಂದ. ಟೀಚರ್‌ಗೆ ಏನು ಬೇಕು ಅಂತ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಅದನ್ನು ಕೇಳುವ ಮೊದಲು ನಾನು ಒಂದು ಕೆಲಸ ಮಾಡಿಸಿದೆ. ಒಂದೊಂದು ಒಡವೆಗೂ ಒಂದೊಂದು ಹಾಳೆ. ಅದು ಎಲ್ಲಿಂದ ಬಂತು, ಯಾರು ಕೊಟ್ಟರು, ಯಾವ ಸಂದರ್ಭದಲ್ಲಿ, ಇಷ್ಟು ವರ್ಷ ಯಾರ ಬೀರುವಿನಲ್ಲಿತ್ತು, ಬಿಲ್ ಇದೆಯಾ, ಫೋಟೋ ಇದೆಯಾ. ಇಂಥ ಪ್ರಕರಣಗಳಲ್ಲಿ ಜಗಳ ಬೆಳೆಯುವುದು ಎಲ್ಲವನ್ನೂ "ಮದುವೆ ಒಡವೆ" ಅಂತ ಒಂದೇ ಗಂಟಿಗೆ ಕಟ್ಟುವುದರಿಂದ. ಗಂಟು ಬಿಚ್ಚಿದರೆ ಅರ್ಧ ಜಗಳ ತಾನಾಗಿ ಕಮ್ಮಿಯಾಗುತ್ತದೆ.

ಕಾನೂನು ಏನು ಹೇಳುತ್ತದೆ

ಮದುವೆಗೆ ಮೊದಲು, ಮದುವೆಯಲ್ಲಿ, ಮದುವೆಯ ನಂತರ ಹೆಣ್ಣಿಗೆ ಉಡುಗೊರೆಯಾಗಿ ಬಂದದ್ದೆಲ್ಲ ಸ್ತ್ರೀಧನ. ತವರಿನವರು ಕೊಟ್ಟದ್ದೂ ಸರಿ, ಅತ್ತೆ ಮನೆಯವರು ಕೊಟ್ಟದ್ದೂ ಸರಿ. ಅದರ ಒಡತಿ ಆಕೆ ಒಬ್ಬಳೇ. 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿತು. ಗಂಡನೋ ಅತ್ತೆಯೋ ಅದನ್ನು ಇಟ್ಟುಕೊಂಡಿದ್ದರೆ ಅದು ನಂಬಿಕೆಯ ಮೇಲೆ ಇಟ್ಟುಕೊಂಡದ್ದು. ಕೇಳಿದಾಗ ಕೊಡದಿದ್ದರೆ ನಂಬಿಕೆ ದ್ರೋಹದ ಅಪರಾಧ. 2024ರ ಏಪ್ರಿಲ್‌ನಲ್ಲಿ ಕೇರಳದ ಒಂದು ಪ್ರಕರಣ ತೀರ್ಮಾನವಾಯಿತು. ಆ ಹೆಣ್ಣುಮಗಳ 89 ಪವನ್ (ಪವನಿಗೆ ಎಂಟು ಗ್ರಾಂ) ಬಂಗಾರವನ್ನು ಮದುವೆಯ ರಾತ್ರಿಯೇ ಗಂಡ ತೆಗೆದುಕೊಂಡು, ಜೋಪಾನಕ್ಕೆ ಅಂತ ತನ್ನ ತಾಯಿಯ ಕೈಗೆ ಕೊಟ್ಟಿದ್ದ ಎಂಬುದು ಆಕೆಯ ದೂರು. ಕೋರ್ಟು ಆಕೆಗೆ 25 ಲಕ್ಷ ರೂಪಾಯಿ ಕೊಡಿಸಿತು.

ಈ ಲೆಕ್ಕದಲ್ಲಿ ಉಂಗುರ ಟೀಚರ್‌ದು. ಆತ ತೊಡಿಸಿದ, ಇವರು ತೊಟ್ಟರು, ಅಲ್ಲಿಗೆ ಉಡುಗೊರೆ ಪೂರ್ತಿಯಾಯಿತು. ಮದುವೆ ಮುರಿಯಿತು ಅಂತ ಅದು ತಾನಾಗಿ ವಾಪಸ್ ಹೋಗುವುದಿಲ್ಲ. ಅದೇ ಮಾತು ಆತನ ಉಂಗುರಕ್ಕೂ ಸೇರುತ್ತದೆ. ಟೀಚರ್ ಅಪ್ಪ ಅಳಿಯನಿಗೆ ಪ್ರೀತಿಯಿಂದ ಹಾಕಿದ್ದು, ಅದು ಈಗ ಆತನದು. ಆತ ಅದನ್ನು ಯಾವಾಗಲೋ ಬೆಂಗಳೂರಿನ ಅಂಗಡಿಯಲ್ಲಿ ಬದಲಾಯಿಸಿ ಬೇರೆ ಏನೋ ತೆಗೆದುಕೊಂಡಿದ್ದ ಅಂತ ಗೊತ್ತಾದಾಗ ಟೀಚರ್ ಅಪ್ಪನಿಗೆ ಬಹಳ ನೋವಾಯಿತು. ನೋವು ನಿಜ, ಆದರೆ ಹಕ್ಕು ಇಲ್ಲ. ಅವರಿಗೆ ಅದನ್ನು ಹೇಳುವುದು ನನಗೆ ಸುಲಭವಾಗಿರಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ, ಆ ವರ್ಷದ ಮೆಣಸು ಮಾರಿದ ದುಡ್ಡಿನಲ್ಲಿ ಮಾಡಿಸಿದ್ದರಂತೆ.

ಅಪ್ಪ ಮತ್ತು ಅಣ್ಣ ಇಬ್ಬರಿಗೂ ಇನ್ನೊಂದು ಮಾತು ಹೇಳಬೇಕಿತ್ತು. 2024ರ ಆಗಸ್ಟ್‌ನಲ್ಲಿ ತೆಲಂಗಾಣದ ಒಂದು ಪ್ರಕರಣದಲ್ಲಿ ವಿಚ್ಛೇದಿತ ಮಗಳ ಒಡವೆಗಳನ್ನು ವಾಪಸ್ ಕೊಡಿಸಿ ಅಂತ ತಂದೆ ದೂರು ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ಆ ಮೊಕದ್ದಮೆಯನ್ನೇ ರದ್ದು ಮಾಡಿತು. ಸ್ತ್ರೀಧನ ಮಗಳದ್ದು, ಆಕೆ ಅಧಿಕಾರ ಕೊಡದೆ ತಂದೆ ಅದನ್ನು ಕೇಳುವ ಹಾಗಿಲ್ಲ ಅಂದಿತು. ಇದನ್ನು ನಾನು ಅಣ್ಣನ ಎದುರಿಗೇ ಓದಿ ಹೇಳಿದೆ. "ಅಂದ್ರೆ ನಾವು ಮಾತೇ ಆಡಬಾರ್ದಾ?" ಅಂದರು. ಮಾತಾಡಿ, ಆದರೆ ತಂಗಿಯನ್ನು ಕೇಳಿ ಮಾತಾಡಿ ಅಂದೆ. ಆ ದಿನದಿಂದ ಮನೆಯಲ್ಲಿ ದನಿ ಸ್ವಲ್ಪ ತಗ್ಗಿತು.

ಜೋಮಾಲೆ ಮಾತ್ರ ಇಷ್ಟು ಸಲೀಸಾಗಿರಲಿಲ್ಲ. ಅತ್ತೆ ಅದನ್ನು ಸೊಸೆಗೆ ಕೊಟ್ಟರಾ, ಅಥವಾ ಹಾಕಿಕೊಳ್ಳಲು ಕೊಟ್ಟರಾ? ಕೊಡಗಿನಲ್ಲಿ ಹಳೇ ಒಡವೆಗಳು ಮನೆಯಿಂದ ಮನೆಗೆ ಓಡಾಡುತ್ತವೆ. ಮದುವೆಗೆ, ಸುಗ್ಗಿ ಹಬ್ಬ ಪುತ್ತರಿಗೆ ಅಂತ ತೊಟ್ಟು ಮತ್ತೆ ಹಿರಿಯರ ಬೀರುವಿಗೆ ವಾಪಸ್. ಮದುವೆಯಾದ ಮೊದಲ ವರ್ಷಗಳಲ್ಲಿ ಈ ಜೋಮಾಲೆ ಅತ್ತೆಯ ಹತ್ತಿರವೇ ಇತ್ತು, ಹಬ್ಬಕ್ಕೆ ಮಾತ್ರ ಹೊರಗೆ ಬರುತ್ತಿತ್ತು. ಮಗು ಹುಟ್ಟಿದ ಮೇಲೆ ಅತ್ತೆಯೇ "ಇದು ನಿನ್ ಹತ್ರ ಇರ್ಲಿ" ಅಂದು ಕೊಟ್ಟಿದ್ದರು. ಈ ಒಂದು ಮಾತನ್ನು ಟೀಚರ್ ಉಡುಗೊರೆ ಅಂತ ಕೇಳಿಸಿಕೊಂಡರು. ಅತ್ತೆ ಜೋಪಾನ ಮಾಡು ಅಂತ ಹೇಳಿದ್ದಂತೆ. ಇಬ್ಬರೂ ಸುಳ್ಳು ಹೇಳುವವರಲ್ಲ.

ಇಂಥ ಗೊಂದಲ ಬರಬಾರದು ಅಂತಲೇ 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಕೆಳಗೆ 1985ರಲ್ಲಿ ನಿಯಮ ಬಂದಿದೆ. ಮದುವೆಯಲ್ಲಿ ಹುಡುಗ ಹುಡುಗಿಗೆ ಬಂದ ಉಡುಗೊರೆಗಳನ್ನು ಪಟ್ಟಿ ಮಾಡಬೇಕು. ಕೊಟ್ಟವರ ಹೆಸರು, ಅಂದಾಜು ಬೆಲೆ ಬರೆಯಬೇಕು, ಇಬ್ಬರೂ ಸಹಿ ಹಾಕಬೇಕು. ನಾನು ನೋಡಿದ ಮದುವೆಗಳಲ್ಲಿ ಮುಯ್ಯಿ ಲೆಕ್ಕ ಬರೆಯುವ ಪುಸ್ತಕ ಇರುತ್ತದೆ, ಈ ಪಟ್ಟಿ ಇರುವುದಿಲ್ಲ. ಮದುವೆ ಮನೆಯಲ್ಲಿ ಇದನ್ನು ಬರೆದರೆ ಅಪಶಕುನ ಅಂತ ಜನ ಅಂದುಕೊಳ್ಳುತ್ತಾರೆ. ಬರೆದಿಟ್ಟರೆ ಅತ್ತೆ ಸೊಸೆ ಇಬ್ಬರ ಮಾನವೂ ಉಳಿಯುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಪತ್ತಾಕ್

ಟೀಚರ್ ಪತ್ತಾಕ್ ಹಾಕುವುದನ್ನು 2022ರಲ್ಲೇ ಬಿಟ್ಟಿದ್ದರು. ಗಂಡನಿಲ್ಲದ ಮೇಲೆ ಯಾಕೆ ಅಂತ ಯಾರೋ ನೆಂಟರು ಅಂದರಂತೆ. ಶಾಲೆಯಲ್ಲೂ ಸಹೋದ್ಯೋಗಿಗಳು ಒಂಥರಾ ನೋಡುತ್ತಾರೆ ಅಂತ ಇವರಿಗೂ ಅನಿಸಿತ್ತು. ಟೀಚರ್ ಅಮ್ಮ ಅಲ್ಲಿಯವರೆಗೆ ಯಾವ ಮಾತಿಗೂ ಬಾಯಿ ಹಾಕಿದವರಲ್ಲ. ಈ ವಿಷಯ ಬಂದಾಗ ಮಾತ್ರ ಒಳಗಿನಿಂದ ಬಂದು ಕುಳಿತರು.

ಕೊಡವ ಮದುವೆಯಲ್ಲಿ ಪತ್ತಾಕ್ ಕಟ್ಟುವುದು ಗಂಡ ಅಲ್ಲ. ಹುಡುಗಿಯ ತಾಯಿ. ಅದೂ ಮುಹೂರ್ತಕ್ಕೆ ಮೊದಲು, ಹುಡುಗನ ಕಡೆಯವರು ಚಪ್ಪರಕ್ಕೆ ಕಾಲಿಡುವ ಮುಂಚೆ. ಇದು ಊರಿಗೆಲ್ಲ ಗೊತ್ತಿರುವ ವಿಷಯವೇ. ಆದರೆ ಸಿನಿಮಾ, ಸೀರಿಯಲ್ ನೋಡಿ ನೋಡಿ ಈಗ ಅದನ್ನೂ ತಾಳಿಯ ಹಾಗೆ ಗಂಡನ ಗುರುತು ಅಂತ ಭಾವಿಸುವವರು ಜಾಸ್ತಿ ಆಗಿದ್ದಾರೆ.

"ನಾನು ಕಟ್ಟಿದ್ದು. ನಾನಿನ್ನೂ ಇದ್ದೀನಲ್ಲ. ಯಾಕೆ ತೆಗೀಬೇಕು?" ಅಮ್ಮ ಅಂದದ್ದು ಇಷ್ಟೇ.

ಇದಕ್ಕೆ ಕಾನೂನಿನ ಮಾತು ಬೇಕಾಗಲಿಲ್ಲ. ಪತ್ತಾಕ್ ಹಾಳೆಯ ಮೇಲೆ "ತಾಯಿಯಿಂದ ಬಂದದ್ದು, ಟೀಚರ್‌ಗೆ ಸೇರಿದ್ದು, ಚರ್ಚೆ ಇಲ್ಲ" ಅಂತ ಬರೆದು ಪಕ್ಕಕ್ಕಿಟ್ಟೆವು. ಹಾಕಬೇಕಾ ಬೇಡವಾ ಅನ್ನುವುದು ಟೀಚರ್ ಇಷ್ಟ. ಮುಂದಿನ ಪುತ್ತರಿಗೆ ಅವರು ಹಾಕಿಕೊಂಡರು. ಕರಿಮಣಿ ಬಿಚ್ಚಿಸಿ ಹವಳದ ಸರಕ್ಕೆ ಪೋಣಿಸಿಕೊಂಡಿದ್ದರು. ಹಾಗೆ ಮಾಡಿಸಿದ್ದು ಅಮ್ಮನನ್ನು ಕೇಳಿಯೇ.

ಜೋಮಾಲೆಯ ದಾರಿ

ಆ ಪುತ್ತರಿ ಕಳೆದ ಮೇಲೆ, ರೊಬಸ್ಟಾ ಕಾಫಿ ಕೊಯ್ಲು ಶುರುವಾಗಿದ್ದ ಹೊತ್ತಿನಲ್ಲಿ, ಎರಡೂ ಕಡೆಯವರು ಟೀಚರ್ ತವರಿನಲ್ಲಿ ಸೇರಿದರು. ಆತನ ಕಡೆ ವಕೀಲರೂ ಬಂದಿದ್ದರು, ತಿಳಿವಳಿಕೆಯ ಮನುಷ್ಯ. ನನ್ನ ಕೋರಿಕೆಯ ಮೇಲೆ ಎರಡೂ ಒಕ್ಕದ, ಅಂದರೆ ಮನೆತನದ, ಅರುವರನ್ನೂ ಕರೆಸಿದ್ದೆವು. ಮದುವೆಯಲ್ಲಿ ಸಮ್ಮಂದ ಕೊಡುವಾಗ ಎದುರುಬದುರು ನಿಂತು, ಹುಡುಗಿಗೆ ಹೊಸ ಮನೆಯಲ್ಲಿ ಏನೇನು ಹಕ್ಕು ಅಂತ ಪ್ರಶ್ನೆ ಉತ್ತರದಲ್ಲಿ ಹೇಳಿ, ಸಣ್ಣ ಕಲ್ಲುಗಳನ್ನು ಎಣಿಸಿ ಕೊಟ್ಟವರು ಇವರೇ. ಸೇರಿಸುವಾಗ ಸಾಕ್ಷಿ ನಿಂತವರು ಬಿಡಿಸುವಾಗಲೂ ಇರಲಿ ಅನ್ನುವುದು ನನ್ನ ಯೋಚನೆಯಾಗಿತ್ತು. ಕೋರ್ಟಿಗೆ ಅವರು ಬೇಕಿಲ್ಲ. ಆದರೆ ಮನೆಯವರು ವಕೀಲರ ಮಾತಿಗಿಂತ ಅರುವರ ಮಾತಿಗೆ ಬೇಗ ತಲೆಬಾಗುತ್ತಾರೆ.

ಅಣ್ಣ ಮೊದಲು ಒಂದು ಸಲಹೆ ಕೊಟ್ಟರು. ಜೋಮಾಲೆಗೆ ಬೆಲೆ ಕಟ್ಟಿಸಿ, ಅರ್ಧ ದುಡ್ಡು ಇವರಿಗೆ, ಒಡವೆ ಅವರಿಗೆ. ಕೇಳಲು ಚೆನ್ನಾಗಿದೆ. ಆದರೆ ಜೋಮಾಲೆ ಗುಂಡುಗಳ ಒಳಗೆ ಬಂಗಾರ ತುಂಬಿರುವುದಿಲ್ಲ. ಮೇಲೆ ತೆಳುವಾದ ಬಂಗಾರದ ತಗಡು, ಒಳಗೆ ಅರಗು. ತಕ್ಕಡಿಗೆ ಹಾಕಿದರೆ ಬರುವುದು ಎರಡೂ ಸೇರಿದ ತೂಕ. ಎಷ್ಟು ಬಂಗಾರ ಅಂತ ಸರಿಯಾಗಿ ತಿಳಿಯಬೇಕಾದರೆ ಗುಂಡು ಒಡೆದು, ಕಾಯಿಸಿ ಅರಗು ತೆಗೆಯಬೇಕು. ಹಾಗೆ ಮಾಡಿದ ಮೇಲೆ ಕೈಯಲ್ಲಿ ಉಳಿಯುವುದು ಜೋಮಾಲೆ ಅಲ್ಲ, ಒಂದಷ್ಟು ತಗಡು. ಇದನ್ನು ಕೇಳಿ ಅತ್ತೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಬೆಲೆ ಕಟ್ಟುವ ಮಾತು ಅಲ್ಲಿಗೇ ನಿಂತಿತು.

ಅತ್ತೆಯ ವಾದ ಒಂದೇ. "ಇದು ನಮ್ಮ ಒಕ್ಕದ್ದು. ಹೊರಗೆ ಹೋಗಬಾರ್ದು."

ಆಗ ಟೀಚರ್ ಕಡೆಯ ಅರುವರು, ಹಿರಿಯರು, ಮೆಲ್ಲಗೆ ಕೇಳಿದರು. "ನಿಮ್ಮ ಒಕ್ಕಕ್ಕೆ ಇದು ಎಲ್ಲಿಂದ ಬಂತಮ್ಮ?"

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅದು ಅವರ ತವರಿನಿಂದ ಬಂದದ್ದು. ಅವರ ಮದುವೆಯಲ್ಲಿ ಅವರ ಅಮ್ಮ ಕೊಟ್ಟದ್ದು. ಅಂದರೆ ಗಂಡನ ಒಕ್ಕದ ಹಳೇ ಒಡವೆ ಅಲ್ಲವೇ ಅಲ್ಲ. ಹೆಣ್ಣಿನ ಕೈಯಿಂದ ಹೆಣ್ಣಿನ ಕೈಗೆ, ಒಂದು ಒಕ್ಕದಿಂದ ಇನ್ನೊಂದು ಒಕ್ಕಕ್ಕೆ ನಡೆದು ಬಂದ ಒಡವೆ. ಅವರಿಗೆ ಹೆಣ್ಣುಮಕ್ಕಳಿಲ್ಲ. ಅದಕ್ಕೇ ಸೊಸೆಗೆ ಕೊಟ್ಟರು. ಇನ್ನು ಮುಂದೆ ಅದು ಯಾರಿಗೆ ಹೋಗಬೇಕು ಅನ್ನುವುದಕ್ಕೆ ಆ ಜಗಲಿಯಲ್ಲಿ ಯಾರೂ ಉತ್ತರ ಹೇಳಬೇಕಾಗಲಿಲ್ಲ. ಮೊಮ್ಮಗಳು ಒಳಗೆ ಕುಳಿತು ಹೋಂವರ್ಕ್ ಮಾಡುತ್ತಿದ್ದಳು.

ಈಗ ವಕೀಲರ ಕೆಲಸ. "ಮುಂದೆ ಮೊಮ್ಮಗಳಿಗೆ ಕೊಡುತ್ತೇನೆ" ಅಂತ ಅತ್ತೆ ಬರೆದುಕೊಟ್ಟರೆ ಅದು ಮಾತು ಅಷ್ಟೇ, ದಾನ ಅಲ್ಲ. ಒಡವೆಯಂಥ ಚರ ವಸ್ತುವನ್ನು ದಾನ ಮಾಡಬೇಕಾದರೆ ಇವತ್ತೇ ಕೈಗೆ ಕೊಡಬೇಕು, ಇಲ್ಲವೇ ನೋಂದಾಯಿತ ಪತ್ರ ಮಾಡಬೇಕು. ಪಡೆಯುವವರ ಪರವಾಗಿ ಯಾರಾದರೂ ಒಪ್ಪಿ ಸ್ವೀಕರಿಸಬೇಕು. ಇನ್ನೊಂದು ತೊಡಕು, ಕೊಡುವವರು ಯಾರು? ಒಡವೆ ಟೀಚರ್‌ದೋ ಅತ್ತೆಯದೋ ಅನ್ನುವುದೇ ತೀರ್ಮಾನ ಆಗಿಲ್ಲ.

ಅದನ್ನು ತೀರ್ಮಾನ ಮಾಡಲೇ ಇಲ್ಲ. ಇಬ್ಬರೂ ಸೇರಿ ಕೊಟ್ಟರು. "ಈ ಒಡವೆಯಲ್ಲಿ ನಮ್ಮಿಬ್ಬರಲ್ಲಿ ಯಾರಿಗೆ ಯಾವ ಹಕ್ಕು ಇದ್ದರೂ ಅದನ್ನು ಈ ಮಗುವಿಗೆ ಕೊಟ್ಟಿದ್ದೇವೆ" ಅಂತ ಒಂದೇ ಪತ್ರ, ಎರಡು ಸಹಿ. ಯಾರದೇ ಆಗಿದ್ದರೂ ಈಗ ಅದು ಮಗಳದ್ದು. ಮಗಳ ಪರವಾಗಿ ತಂದೆ ಸ್ವೀಕರಿಸಿದ. ಪತ್ರದ ಜೊತೆ ಫೋಟೋ, ಗುಂಡುಗಳ ಲೆಕ್ಕ, ಅರಗು ಸೇರಿದ ತೂಕ. ಅರುವರಿಬ್ಬರೂ ಸಾಕ್ಷಿ ಹಾಕಿದರು.

ಇಡುವುದು ಎಲ್ಲಿ? ಟೀಚರ್ ಮನೆಯಲ್ಲಿಟ್ಟರೆ ಅತ್ತೆಗೆ ಸಮಾಧಾನ ಇಲ್ಲ, ಅತ್ತೆ ಮನೆಯಲ್ಲಿಟ್ಟರೆ ಇವರಿಗಿಲ್ಲ. ಬ್ಯಾಂಕಿನಲ್ಲಿ ಇಬ್ಬರ ಹೆಸರಲ್ಲಿ ಒಂದು ಲಾಕರ್ ಮಾಡಿಸಿದೆವು. ಇಬ್ಬರೂ ಬಂದು ಸಹಿ ಹಾಕಿದರೆ ಮಾತ್ರ ತೆರೆಯಬೇಕು ಅನ್ನುವ ಸೂಚನೆ ಕೊಟ್ಟು. ಬಾಡಿಗೆ ಅರ್ಧ ಅರ್ಧ. ಒಳಗೆ ಏನಿದೆ ಅಂತ ಬ್ಯಾಂಕಿಗೆ ಗೊತ್ತಿರುವುದಿಲ್ಲ. ಬ್ಯಾಂಕಿನ ತಪ್ಪಿನಿಂದಲೇ ಏನಾದರೂ ಹೋದರೂ ಸಿಗುವ ಪರಿಹಾರ ವರ್ಷದ ಬಾಡಿಗೆಯ ನೂರು ಪಟ್ಟಿನ ತನಕ ಮಾತ್ರ. ಹಾಗಾಗಿ ಫೋಟೋ ಮತ್ತು ಪಟ್ಟಿಯ ಪ್ರತಿ ಎರಡೂ ಮನೆಯಲ್ಲಿ ಇರಲೇಬೇಕು.

ಕಾನೂನನ್ನು ಹಿಡಿದು ಜಗ್ಗಿದ್ದರೆ ಜೋಮಾಲೆಯನ್ನು ಟೀಚರ್‌ಗೆ ಕೊಡಿಸಬಹುದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಮದುವೆ ಫೋಟೋ ಇತ್ತು, ಒಡವೆ ಅವರ ಕೈಯಲ್ಲೇ ಇತ್ತು. ಅದನ್ನು ಅವರಿಗೆ ಬಿಡಿಸಿ ಹೇಳಿದ್ದೆ. "ಗೆದ್ದರೆ ಯಾವ ಹಬ್ಬಕ್ಕೆ ಹಾಕ್ಕೊಳ್ಲಿ ಮೇಡಂ?" ಅಂತ ಕೇಳಿದರು. ಹಕ್ಕು ಯಾರದು ಅನ್ನುವುದಕ್ಕೆ ಕಾನೂನು ಉತ್ತರ ಕೊಡುತ್ತದೆ. ಈ ಪ್ರಶ್ನೆಗೆ ಉತ್ತರ ಅವರೇ ಹುಡುಕಬೇಕಿತ್ತು, ಹುಡುಕಿದರು. ಆದರೆ ಎಲ್ಲರೂ ಹೀಗೆ ಬಿಟ್ಟುಕೊಡಬೇಕು ಅಂತ ನಾನು ಹೇಳುವುದಿಲ್ಲ. ಕೈಯಲ್ಲಿ ಕಾಸಿಲ್ಲದೆ ಹೊರಬಿದ್ದ ಹೆಣ್ಣಿಗೆ ಆ ಒಡವೆಯೇ ಆಧಾರ. ಅಂಥವರು ಒಂದು ಗುಂಡನ್ನೂ ಬಿಡಬಾರದು. ಟೀಚರ್‌ಗೆ ಸಂಬಳ ಇತ್ತು, ತವರಿನ ಬೆಂಬಲ ಇತ್ತು.

ಉಂಗುರ

ಒಪ್ಪಂದದಲ್ಲಿ ಉಂಗುರದ ಬಗ್ಗೆ ಒಂದೇ ಸಾಲು ಬರೆದೆವು. ಅದು ಟೀಚರ್‌ಗೆ ಸೇರಿದ್ದು, ಅದನ್ನು ಏನು ಮಾಡಿದರು ಅಂತ ಮುಂದೆ ಯಾರೂ ಕೇಳುವ ಹಾಗಿಲ್ಲ. ಆ ಎರಡನೇ ಭಾಗ ನಾನೇ ಸೇರಿಸಿದ್ದು. ಅದರಿಂದ ಟೀಚರ್‌ಗೆ ಸಿಕ್ಕಿದ್ದು ಸಮಯ.

ಯಾಕೆಂದರೆ ಸಲಹೆಗಳಿಗೆ ಬರವಿರಲಿಲ್ಲ. ವಾಪಸ್ ಕೊಡು ಅಂದವರು ಅಣ್ಣ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋದಾಗ ಹೊಳೆಗೆ ಬಿಟ್ಟುಬಿಡು, ಮನಸ್ಸು ಹಗುರ ಆಗುತ್ತೆ ಅಂದವರು ಅತ್ತಿಗೆ. ಇಗ್ಗುತ್ತಪ್ಪನ ಹುಂಡಿಗೆ ಹಾಕು ಅಂತ ಇನ್ನೊಬ್ಬರು. ಅದಕ್ಕೆ ಟೀಚರ್ ಹೇಳಿದ ಮಾತು ನನಗೆ ಬಹಳ ಹಿಡಿಸಿತು. "ನಮಗೆ ಬೇಡವಾದದ್ದನ್ನ ದೇವರಿಗೆ ಕೊಡೋದಾ?"

ಎಲ್ಲರೂ ಹೇಳಿದ ಇನ್ನೊಂದು ಮಾತು, ಕರಗಿಸಿ ಮಗಳಿಗೆ ಓಲೆ ಮಾಡಿಸು. ಇದು ಒಳ್ಳೆ ಮನಸ್ಸಿನ ಸಲಹೆಯೇ. ಆದರೂ ನನಗೆ ಒಪ್ಪಿಗೆ ಇಲ್ಲ. ಜೋಮಾಲೆಗೆ ಅಜ್ಜಿ, ಅಜ್ಜಿಯ ಅಮ್ಮ ಅಂತ ಒಂದು ಕಥೆ ಇದೆ, ಮಗಳು ಅದನ್ನು ಖುಷಿಯಿಂದ ಹೊರಬಹುದು. ಉಂಗುರಕ್ಕೆ ಇರುವುದು ಅಪ್ಪ ಅಮ್ಮನ ಮದುವೆಯ ಕಥೆ ಮಾತ್ರ. ಅದನ್ನು ಹತ್ತು ವರ್ಷದ ಹುಡುಗಿಯ ಕಿವಿಗೆ ಯಾಕೆ ನೇತುಹಾಕಬೇಕು? ಟೀಚರ್‌ಗೂ ಹಾಗೇ ಅನಿಸಿತ್ತು, ಬಾಯಿಬಿಟ್ಟು ಹೇಳಲು ಆಗಿರಲಿಲ್ಲ ಅಷ್ಟೇ.

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು ಅಂತ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಲ್ಲಿದೆ. ಎಲ್ಲ ತೀರ್ಮಾನ ಆಗಿದ್ದರೆ ಅದನ್ನು ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇವರು ಬೇರೆಯಾಗಿ ವರ್ಷಗಳೇ ಆಗಿದ್ದವು, ಮನ್ನಾ ಸಿಕ್ಕಿತು. ಆದೇಶ ಬಂದ ದಿನವೇ ಉಂಗುರದ ತೀರ್ಮಾನ ಮಾಡಬೇಡಿ ಅಂದಿದ್ದೆ. ಕೋರ್ಟಿನಿಂದ ನೇರ ಅಂಗಡಿಗೆ ಹೋಗಿ ಮಾರಿ, ಆಮೇಲೆ ಕೊರಗಿದವರನ್ನು ನೋಡಿದ್ದೇನೆ. ಡಬ್ಬಿಯಲ್ಲಿದ್ದರೆ ಬಂಗಾರ ಹಳಸುವುದಿಲ್ಲವಲ್ಲ.

2025ರ ಮೇ ತಿಂಗಳಲ್ಲಿ, ಶಾಲೆ ಶುರುವಾಗುವ ಮೊದಲು, ಟೀಚರ್ ಫೋನ್ ಮಾಡಿದರು. "ಮಾರ್ತೀನಿ. ಜೊತೆಗೆ ಬರ್ತೀರಾ?" ಅವರ ಮನೆಗೆ ಗುರುತಿನ ಒಬ್ಬ ಅಕ್ಕಸಾಲಿಗರು ವಿರಾಜಪೇಟೆಯಲ್ಲಿದ್ದಾರೆ. ಮೊದಲು ಅವರ ಹತ್ತಿರ ಹೋದೆವು.

ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಉಂಗುರದ ಒಳಮೈ ನೋಡಿದರು. 750 ಅಂತ ಮುದ್ರೆ ಇತ್ತು. ತೂಕ 4.20 ಗ್ರಾಂ. ವಜ್ರ ಇಪ್ಪತ್ತು ಸೆಂಟ್, ಅಂದರೆ 0.04 ಗ್ರಾಂ. ಉಳಿದದ್ದು 4.16 ಗ್ರಾಂ. ಅದರಲ್ಲಿ ನೂರಕ್ಕೆ ಎಪ್ಪತ್ತೈದು ಪಾಲು ಬಂಗಾರ, 3.12 ಗ್ರಾಂ ಅಪರಂಜಿ. ಪೆನ್ಸಿಲ್‌ನಲ್ಲಿ ಹಳೇ ಕ್ಯಾಲೆಂಡರ್ ಹಿಂದೆ ಬರೆದು ತೋರಿಸಿದರು. ಓಲೆಯ ಮಾತನ್ನು ನಾನೇ ಕೇಳಿದೆ, ತಿಳಿದುಕೊಳ್ಳೋಣ ಅಂತ. "ಬರೀ ಕರಗಿಸಿದ್ರೆ 18 ಕ್ಯಾರೆಟ್ಟೇ ಉಳಿಯುತ್ತೆ ಅಮ್ಮ. 22 ಮಾಡ್ಬೇಕಂದ್ರೆ ಇದಕ್ಕೆ ಎಂಟು ಗ್ರಾಮಿಗಿಂತ ಜಾಸ್ತಿ ಅಪರಂಜಿ ಸೇರಿಸ್ಬೇಕು." ನಾಲ್ಕು ಗ್ರಾಮಿನ ಉಂಗುರಕ್ಕೆ ಎಂಟು ಗ್ರಾಂ! ಮನೆಗೆ ಬಂದು ನಾನೇ ಲೆಕ್ಕ ಹಾಕಿದೆ, 8.2 ಬರುತ್ತದೆ. ಹಳೇ ಉಂಗುರ ಕರಗಿಸಿ ಹೊಸದು ಮಾಡಿಸುತ್ತೇನೆ ಅನ್ನುವವರು ಮೊದಲು ಅದರ ಮುದ್ರೆ ನೋಡಬೇಕು. 916, ಅಂದರೆ 22 ಕ್ಯಾರೆಟ್, ಇದ್ದರೆ ತೊಂದರೆ ಇಲ್ಲ. 750 ಇದ್ದರೆ 18ರಲ್ಲೇ ಏನಾದರೂ ಮಾಡಿಸುವುದು ಜಾಣತನ.

ಆಮೇಲೆ ಚಿಮಟದಿಂದ ವಜ್ರ ಹಿಡಿದ ನಾಲ್ಕು ಕಾಲುಗಳನ್ನು ಒಂದೊಂದಾಗಿ ಎತ್ತಿದರು. ಕಲ್ಲು ಕಾಗದದ ಮೇಲೆ ಉರುಳಿತು. ಅದನ್ನು ಪೊಟ್ಟಣ ಕಟ್ಟಿ ಟೀಚರ್ ಕೈಗೆ ಕೊಟ್ಟರು. ಅದಕ್ಕೆ ಬೆಲೆ ಹೇಳಲಿಲ್ಲ. ಇಷ್ಟು ಸಣ್ಣ ಕಲ್ಲು, ಸರ್ಟಿಫಿಕೇಟ್ ಬೇರೆ ಇಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ ಕಮ್ಮಿ ಬೆಲೆಗೆ ಸಿಗಲು ಶುರುವಾದ ಮೇಲಂತೂ ಇಂಥವನ್ನು ಕೊಳ್ಳುವವರು ಅಪರೂಪ.

ಮಾರಿದ್ದು ಅಂಗಡಿಯಲ್ಲಿ, ಅಕ್ಕಸಾಲಿಗರ ಲೆಕ್ಕದ ಚೀಟಿ ಕೈಯಲ್ಲಿಟ್ಟುಕೊಂಡು. ಆಗ 24 ಕ್ಯಾರೆಟ್ ಬಂಗಾರ ಗ್ರಾಮಿಗೆ ಒಂಬತ್ತೂವರೆ ಸಾವಿರದ ಆಸುಪಾಸು. ಅಂಗಡಿಯವರು ತಮ್ಮ ಕಡಿತ ಕಳೆದು 29,000 ರೂಪಾಯಿ ಹತ್ತಿರ ಕೊಟ್ಟರು, ಖಾತೆಗೆ ಹಾಕಿದರು. 2013ರ ಬಿಲ್ 24,000ದ್ದು. ಆಗ ಬಂಗಾರ ಗ್ರಾಮಿಗೆ ಮೂರು ಸಾವಿರದ ಆಸುಪಾಸಿತ್ತು, ಅಂದರೆ ಆ ಬಿಲ್ಲಿನಲ್ಲಿ ಬಂಗಾರದ ಪಾಲು ಹತ್ತು ಸಾವಿರವೂ ಇರಲಿಲ್ಲ. ಉಳಿದದ್ದು ಕಲ್ಲು, ಮಜೂರಿ, ತೆರಿಗೆ. ವಾಪಸ್ ಬಂದದ್ದು ಬಂಗಾರದ ಪಾಲು ಒಂದೇ. ಇನ್ನೂ ದೊಡ್ಡ ಒಡವೆ ಮಾರುವವರು ಹಳೇ ಬಿಲ್ ಜೋಪಾನ ಮಾಡಬೇಕು. ಲಾಭಕ್ಕೆ ತೆರಿಗೆ ಇದೆ, ಉಡುಗೊರೆಯಾಗಿ ಬಂದದ್ದಾದರೆ ಕೊಟ್ಟವರು ಕೊಂಡ ಬೆಲೆಯನ್ನೇ ಅಸಲು ಅಂತ ಹಿಡಿಯುತ್ತಾರೆ.

ಆ ದುಡ್ಡಿಗೆ ಸ್ವಲ್ಪ ಸೇರಿಸಿ ಟೀಚರ್ ಡ್ರೈವಿಂಗ್ ಕಲಿತರು, ಹಳೇ ಮಾರುತಿ ಒಂದಕ್ಕೆ ಮುಂಗಡ ಕೊಟ್ಟರು. ಜೂನ್ ಮಳೆಯಲ್ಲಿ ಮಗಳನ್ನು ಬಸ್ಸಿಗೆ ಕಾಯಿಸುವುದು ತಪ್ಪಿತು. ಕಲ್ಲಿನ ಪೊಟ್ಟಣ ಇನ್ನೂ ಅವರ ಹತ್ತಿರ ಇದೆ. ಅದಕ್ಕೆ ಏನು ಮಾಡಬೇಕು ಅಂತ ಅವರೂ ಯೋಚಿಸಿಲ್ಲ, ನಾನೂ ಕೇಳಿಲ್ಲ.

ಈಗ ಇನ್ನೊಂದು ಕೆಲಸ ಬಂದಿದೆ. ಬರುವ ಏಪ್ರಿಲ್‌ನಲ್ಲಿ ಅತ್ತೆಯ ತವರಿನಲ್ಲಿ ಮದುವೆ, ಅವರ ಅಣ್ಣನ ಮೊಮ್ಮಗಳದು. ಹುಡುಗಿಗೆ ಆ ದಿನ ಜೋಮಾಲೆ ಹಾಕಬೇಕು ಅಂತ ಆಸೆ. ಅತ್ತೆ ಟೀಚರ್‌ಗೆ ತಾವೇ ಫೋನ್ ಮಾಡಿ ಕೇಳಿದರು. ಟೀಚರ್ ಮಗಳನ್ನು ಕೇಳಿದರು, ಒಡವೆ ಅವಳದ್ದಲ್ವಾ. ಅವಳು ಹೂಂ ಅಂದಿದ್ದಾಳೆ. ಒಂದು ಪುಟದ ಪತ್ರ ಮಾಡಿದ್ದೇನೆ. ಮದುವೆಯ ಹಿಂದಿನ ದಿನ ಲಾಕರ್‌ನಿಂದ ತೆಗೆಯುವುದು, ಮುಗಿದ ಮೇಲೆ ಬ್ಯಾಂಕು ತೆರೆದ ಮೊದಲ ದಿನವೇ ವಾಪಸ್ ಇಡುವುದು, ದಾರ ಹಳತಾಗಿರುವುದರಿಂದ ತೆಗೆದ ಕೂಡಲೇ ಹೊಸ ದಾರಕ್ಕೆ ಪೋಣಿಸುವುದು. ದಾರದ ಖರ್ಚು ಅತ್ತೆಯದು.